ಷೋಕೇಸಿನ ಮೇಲಿನ ಕೆಂಪು ಕಾರು

ಭಾನುವಾರ ಹನ್ನೊಂದು ಗಂಟೆಗೆ ಮಾಲೂರಿನಿಂದ ಗಿರಾಕಿ ಬರುವವರಿದ್ದರು. ಎಂಟೂವರೆಗೇ ನಾನು ಕೋಲಾರದ ನಮ್ಮ ಮನೆಯ ಹಾಲಿನಲ್ಲಿ ಹಳೇ ಪೇಪರ್ ಹಾಸಿ, ಆ ಕೆಂಪು ರಿಮೋಟ್ ಕಾರನ್ನು ಅಂಗಾತ ಮಲಗಿಸಿದೆ. ಹತ್ತಿರ ಹತ್ತಿರ ಮೂವತ್ತು ವರ್ಷ ನನ್ನ ಅಂಗಡಿಯ ಷೋಕೇಸಿನ ಮೇಲೆ ಕೂತಿದ್ದ ಕಾರು ಅದು. ಅಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ತಿರುಗಿಸಿ ನೋಡಿರಲಿಲ್ಲ. ಸ್ವಂತ ವಸ್ತು, ನೋಡುವುದೇನಿದೆ ಎಂದು ಸುಮ್ಮನಿದ್ದೆ.

ಗಿರಾಕಿ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಹಳೇ ರಿಮೋಟ್ ಕಾರು ಕೂಡಿಡುವ ಹುಚ್ಚು ಅವರಿಗೆ. ಅಂಗಡಿ ಮುಚ್ಚಿ ಸಾಮಾನೆಲ್ಲ ಕೋಲಾರಕ್ಕೆ ತಂದ ಮೇಲೆ, ಮನೆಯಾಕೆಯ ಕಾಟ ತಡೆಯಲಾರದೆ ನಾನು ಅಟ್ಟ ಖಾಲಿ ಮಾಡುತ್ತಿದ್ದೆ. ಮಾರಾಟಕ್ಕಿದೆ ಎಂದು ಕಾರಿನ ಫೋಟೋ ಫೋನಿನಲ್ಲಿ ಹಾಕಿದ್ದೇ ತಡ, ಅರ್ಧ ಗಂಟೆಯೊಳಗೆ ಅವರ ಕರೆ ಬಂತು.

"ಸರ್, ಮೇಲಿಂದ ನೋಡಿದ್ರೆ ಯಾವ ಮಾಡೆಲ್ ಅಂತ ಹೇಳಕ್ಕಾಗಲ್ಲ. ಬಿಚ್ಚಿ ನೋಡ್ಬೇಕು. ಒಳಗೆ ಏನೇನ್ ಬದಲಾಯಿಸಿದಾರೆ, ಯಾರು ಬದಲಾಯಿಸಿದ್ದು, ಅದನ್ನೆಲ್ಲ ಒಂದು ಹಾಳೆ ಮೇಲೆ ಬರೆದು ಸೈನ್ ಮಾಡಿ ಕೊಡ್ತೀರಾ? ಕಾರಿನ ಜತೇಲಿ ಅದನ್ನೂ ಇಟ್ಕೋತೀನಿ."

"ಯಾರು ಅಂದ್ರೇನ್ರೀ? ನಾನೇ ಬದಲಾಯಿಸಿದ್ದು. ನನ್ನ ಕೈಕೆಲಸ ನಾನು ಕಣ್ಮುಚ್ಕೊಂಡ್ ಗುರುತಿಸ್ತೀನಿ," ಎಂದೆ. ನನ್ನ ಬಾಯಿಯೇ ಹಾಗೆ.

ನನ್ನದು ಮುಳಬಾಗಿಲು ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟೇಪ್‌ರೆಕಾರ್ಡರ್, ಮಿಕ್ಸಿ ರಿಪೇರಿ ಅಂಗಡಿಯಾಗಿತ್ತು. ಊರಿನಲ್ಲಿ ಅಂಗಡಿಗಿಂತ ನನ್ನ ಕೋಪಕ್ಕೇ ಹೆಸರು ಜಾಸ್ತಿ. "ನಿಮ್ಗೆ ಬೋರ್ಡ್ ಯಾಕ್ರೀ ಬೇಕು? ನಿಮ್ಮ ಗಂಟಲು ಕೇಳ್ಕೊಂಡು ಜನ ಅಂಗಡಿ ಹುಡುಕ್ಕೊಂಡ್ ಬರ್ತಾರೆ," ಎಂದು ಮನೆಯಾಕೆ ಹಂಗಿಸುತ್ತಿದ್ದಳು. ನಿಜ. ಆದರೆ ಒಂದು ವಿಷಯದಲ್ಲಿ ಯಾರೂ ನನ್ನ ಕಡೆ ಬೆರಳು ತೋರಿಸುವಂತಿರಲಿಲ್ಲ. ರಿಪೇರಿಯವರು ಒಳ್ಳೇ ಪಾರ್ಟು ಕಿತ್ತುಕೊಂಡು ಹಳೇದು ಹಾಕಿ ಕೊಡುತ್ತಾರೆ ಎನ್ನುವ ಮಾತು ಎಲ್ಲ ಊರಿನಲ್ಲೂ ಇದೆ. ನನ್ನ ಅಂಗಡಿಯಲ್ಲಿ ಒಬ್ಬರ ಒಂದು ಸ್ಕ್ರೂ ಕೂಡ ಇನ್ನೊಬ್ಬರ ಡಬ್ಬಿಗೆ ಹೋಗಿಲ್ಲ. ಇದನ್ನು ನಾನು ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ, ಕೇಳಿದವರಿಗೆ ಕೇಳದವರಿಗೆ ಎಲ್ಲರಿಗೂ ಹೇಳಿದ್ದೇನೆ. ಜೀವಮಾನದಲ್ಲಿ ನಾನು ಸಂಪಾದಿಸಿದ್ದು ಅದೊಂದೇ ಮಾತು. ಅವತ್ತು ಬೆಳಗ್ಗೆ ಪಣಕ್ಕೆ ಬಿದ್ದದ್ದೂ ಅದೇ.

ನನ್ನ ಕೆಲಸಕ್ಕೆ ಒಂದು ಗುರುತಿತ್ತು. ರೇಡಿಯೋದೊಳಗೆ ಕೂರಿಸಿದ ಸ್ಕ್ರೂ ಕದಲಬಾರದೆಂದು ನಾವು ಅದರ ತಲೆಗೆ ಒಂದು ತೊಟ್ಟು ನೇಲ್ ಪಾಲಿಶ್ ಬಿಡುತ್ತೇವೆ. ಬೇರೆಯವರು ಯಾವುದೋ ಬಣ್ಣ ಬಿಟ್ಟರೆ ನಾನು ಮನೆಯಾಕೆಯ ಕಡುಗೆಂಪು ಶೀಶೆಯಿಂದಲೇ ಬಿಡುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಕದ್ದು ಶುರುವಾದದ್ದು, ಅಭ್ಯಾಸವಾಗಿ ಉಳಿಯಿತು. ಈ ಕಾರನ್ನು ತಂದ ವರ್ಷವೇ, ಷೋಕೇಸಿಗೆ ಏರಿಸುವ ಮುಂಚೆ, ಅದರ ಗೇರಿನ ಪ್ಲಾಸ್ಟಿಕ್ ಹಲ್ಲು ಮುರಿದಿತ್ತು. ನಾನು ಹಿತ್ತಾಳೆಯ ಹಲ್ಲುಚಕ್ರ ಮಾಡಿಸಿ ಕೂರಿಸಿ, ಮುಚ್ಚಳದ ಆರು ಸ್ಕ್ರೂಗೂ ಪಾಲಿಶ್ ಬಿಟ್ಟಿದ್ದೆ. ಆರು ಕೆಂಪು ಚುಕ್ಕೆ, ಒಳಗೆ ಹಿತ್ತಾಳೆ. ಇವೆರಡನ್ನು ತೋರಿಸಿದರೆ ಗಿರಾಕಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕಾರಿನ ಹೊಟ್ಟೆಯ ಮೇಲೆ ಆಯುಧಪೂಜೆಗಳಲ್ಲಿ ಮೇಲಿಂದ ಇಳಿದ ಅರಿಸಿನ ಕುಂಕುಮ ಧೂಳಿನ ಜತೆ ಕಲೆತು ಗಾರೆಯ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದೆ. ಮೊದಲನೇ ಸ್ಕ್ರೂ ಕಾಣಿಸಿತು. ಅದರ ಮೇಲೆ ಚುಕ್ಕೆ ಇರಲಿಲ್ಲ.

ಉದುರಿರಬಹುದು ಎಂದುಕೊಂಡೆ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದನ್ನು ಉಗುರಿನಿಂದ ಕೆರೆದೆ. ಕೆಳಗೆ ಬೆಳ್ಳಗೆ ಕಬ್ಬಿಣ ಕಂಡಿತು. ಪಾಲಿಶ್ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ, ನಲವತ್ತು ವರ್ಷದ ಹಿಂದಿನ ರೇಡಿಯೋದಲ್ಲೂ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಹಿಡಿದು ಆರನ್ನೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಬಿಳೀ ಪ್ಲಾಸ್ಟಿಕ್ ಹಲ್ಲುಗಳು, ಒಂದೂ ಮುರಿಯದೆ ಸಾಲಾಗಿದ್ದವು.

ಮನೆಯಾಕೆ ಹೂವು ಕಟ್ಟುತ್ತಾ ಕೂತಿದ್ದವಳು, "ಯಾಕ್ರೀ ಸದ್ದೇ ಇಲ್ಲ?" ಎಂದಳು. ನಾನು ಮೇಲಿನ ಕೆಂಪು ಕವಚವನ್ನು ಕಿತ್ತೆ. ಅದರಡಿಯ ತಟ್ಟೆಯಲ್ಲಿ ಯಾರೋ ಅಚ್ಚುಕಟ್ಟಾಗಿ ನಾಲ್ಕು ತೂತು ಕೊರೆದಿದ್ದರು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಕಡ್ಡಿ, ಎಲ್ಲ ಕಾರುಗಳಲ್ಲೂ ಕರೀ ಪ್ಲಾಸ್ಟಿಕ್ಕಿನದು, ಇದರಲ್ಲಿ ಮಣ್ಣು ಬಣ್ಣಕ್ಕಿತ್ತು. ಬಟ್ಟೆಯಿಂದ ಉಜ್ಜಿದೆ. ತಾಮ್ರ. ಒಂದು ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಹಾವಿನ ಹೆಡೆ.

ಸಂಧ್ಯಾವಂದನೆಗೆ ಕೂತವರು ಪಂಚಪಾತ್ರೆಯಿಂದ ನೀರೆತ್ತುವ ಉದ್ಧರಣೆ ಇದೆಯಲ್ಲ, ಅದರ ಹಿಡಿ ಅದು. ಆ ಉದ್ಧರಣೆಯ ಮಾತನ್ನು ನಾನು ಮೊದಲೇ ಕೇಳಿದ್ದೆ. ಹೇಳಿದ ಮನುಷ್ಯನನ್ನು ಬೀದಿಯಲ್ಲಿ ನಿಲ್ಲಿಸಿ ನೀರಿಳಿಸಿ ಕಳಿಸಿದ್ದೆ.

ಅವರು ಮಂಡಿ ರೈಟರು. ಕುರುಡುಮಲೆ ರಸ್ತೆಯ ಪುರೋಹಿತರ ಮನೆಯವರು. ಅಣ್ಣತಮ್ಮಂದಿರು ಪೂಜೆಗೆ ಹೋದರೆ ಇವರು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮದ್ರಾಸಿನಿಂದ ಫಾರಿನ್ ಸಾಮಾನು ತರುತ್ತಿದ್ದ ಒಬ್ಬರ ಹತ್ತಿರ ನಾನು ಈ ಕೆಂಪು ಕಾರು ಕೊಂಡಾಗ, ಅದೇ ಗಂಟಿನ ಇನ್ನೊಂದನ್ನು ಕೊಂಡವರು ಇವರು. ಎರಡೂ ಒಂದೇ ಬಣ್ಣ, ಒಂದೇ ಅಳತೆ. ನಾನು ಜನ ತಿರುಗಿ ನೋಡಲಿ ಎಂದು ಷೋಕೇಸಿಗೆ ತಂದೆ. ಅವರು ಯಾತಕ್ಕೆ ಕೊಂಡರೋ ನನಗೆ ಗೊತ್ತಿರಲಿಲ್ಲ.

ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಅವರು ತಮ್ಮ ಕಾರು ತಂದಿದ್ದರು. ಕಾರಿಗೆ ಏನೂ ಆಗಿರಲಿಲ್ಲ, ಕೈಯಲ್ಲಿ ಹಿಡಿಯುವ ರಿಮೋಟ್ ಕೆಟ್ಟಿತ್ತು. ಅದನ್ನು ಮಾತ್ರ ಬಿಚ್ಚಿ ಸರಿಮಾಡಿದೆ. ಕಾರಿಗೆ ಅವರ ಹೆಸರಿನ ಚೀಟಿ ಕಟ್ಟಿ ಕಪಾಟಿನಲ್ಲಿಟ್ಟೆ.

ನಮ್ಮ ಕಡೆ ಆಯುಧಪೂಜೆ ಎಂದರೆ ಅಂಗಡಿಯಲ್ಲಿರುವ ಎಲ್ಲದಕ್ಕೂ ಪೂಜೆ. ನಮ್ಮ ಆಯುಧ ಮಾತ್ರವಲ್ಲ, ರಿಪೇರಿಗೆ ಬಂದ ಸಾಮಾನಿಗೂ. ಅದಕ್ಕೆ ಕೈ ಹಾಕಿ ಅನ್ನ ತಿನ್ನುವವರು, ಅದನ್ನು ಬಿಟ್ಟು ಪೂಜೆ ಮಾಡುವುದುಂಟೆ. ಷೋಕೇಸಿನ ಮೇಲಿನ ನನ್ನ ಕಾರನ್ನೂ ಸೇರಿಸಿ ಎಲ್ಲವನ್ನೂ ಕೆಳಗಿಳಿಸಿ, ಒರೆಸಿ, ಜಮಖಾನದ ಮೇಲೆ ಸಾಲಾಗಿ ಇಡುತ್ತಿದ್ದೆವು. ಒದ್ದೆ ಅರಿಸಿನ ತಗುಲಿದರೆ ಹೆಸರು ಅಳಿಸಿಹೋಗುತ್ತದೆಂದು ಚೀಟಿಗಳನ್ನು ಬಿಚ್ಚಿ, ಸಾಲಿನ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸುತ್ತಿದ್ದೆ. ಮಾರನೇ ದಿನ ಅದೇ ಕ್ರಮದಲ್ಲಿ ತಿರುಗಿ ಕಟ್ಟುತ್ತಿದ್ದೆ. ಅದು ನನ್ನ ಪದ್ಧತಿ. ಅದರ ಮೇಲೆ ನನಗೆ ದೇವರಿಗಿಂತ ಹೆಚ್ಚು ನಂಬಿಕೆ.

ಆಮೇಲೆ ರೈಟರು ಬಂದರು. ಅವರ ರಿಮೋಟಿನಿಂದಲೇ ಕಾರು ಓಡಿಸಿ ತೋರಿಸಿ ಕೈಗೆ ಕೊಟ್ಟೆ. ಅವರು ಮಂಡಿಯ ಮನುಷ್ಯ, ಕೈಯಲ್ಲಿ ತೂಗಿ ನೋಡುವ ಅಭ್ಯಾಸ. ಒಂದು ಸಲ ತೂಗಿ, ಕವಚ ಎತ್ತಿ ನೋಡಿದರು.

"ಸಾರ್, ಇದು ನಮ್ದಲ್ಲ. ನಮ್ದರಲ್ಲಿ ನಾಲ್ಕು ತೂತಿತ್ತು. ಮುಂದ್ಗಡೆ ಕಡ್ಡಿ ತಾಮ್ರದ್ದು, ಉದ್ಧರಣೇದು. ಇದರಲ್ಲಿ ತಾಮ್ರ ಇಲ್ಲ."

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ತಾಮ್ರ ಇಲ್ಲ ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಅವರು ಕಾರು ಬದಲಾಗಿದೆ ಅನ್ನುತ್ತಿದ್ದರು, ನಾನು ಕಳ್ಳ ಅಂದರೆಂದು ಕೇಳಿಸಿಕೊಂಡೆ.

"ಏನ್ರೀ, ನಿಮ್ಮ ಮೂರು ಕಾಸಿನ ತಾಮ್ರ ಕಿತ್ಕೊಂಡು ನಾನು ಮನೆ ಕಟ್ತೀನಾ? ಯಾವ ಪುರೋಹಿತನ ಮನೇಲ್ರೀ ಉದ್ಧರಣೆ ತಂದು ಆಟದ ಕಾರಿಗೆ ಹಾಕ್ತಾರೆ? ನಿಮ್ಮ ರಿಮೋಟಿಗೇ ಓಡ್ತಲ್ಲ, ಇನ್ನೇನ್ ಸಾಕ್ಷಿ ಬೇಕು?"

ರಿಮೋಟಿಗೆ ಎರಡು ಕಾರೂ ಓಡುತ್ತಿದ್ದವು. ಎರಡರ ಫ್ರೀಕ್ವೆನ್ಸಿಯೂ ಒಂದೇ. ರೇಡಿಯೋ ರಿಪೇರಿ ಮಾಡುವವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋಪ ಬಂದಾಗ ಗೊತ್ತಿರುವುದು ಯಾವುದೂ ತಲೆಗೆ ಬರುವುದಿಲ್ಲ.

ಅವರು ದನಿ ಏರಿಸಲಿಲ್ಲ. ಷೋಕೇಸಿನ ಮೇಲಿದ್ದ ಕಾರಿನ ಕಡೆ ಕೈ ತೋರಿಸಿ, "ಅದನ್ನೊಂದು ಸಲ ಇಳಿಸಿ ನೋಡಿ ಸಾರ್," ಎಂದರು.

ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. "ಅದು ನಂದು. ನನ್ನ ಅಂಗಡೀಗೆ ಬಂದು ನನ್ನ ಸಾಮಾನಿಗೇ ಕೈ ಹಾಕ್ತೀರಾ? ತಗೊಂಡ್ ಹೋಗೋದಾದ್ರೆ ಹೋಗಿ, ಇಲ್ಲಾಂದ್ರೆ ಬೀದಿಗೆ ಎಸೀತೀನಿ," ಎಂದು ಕಿರುಚಿದೆ. ಬಸ್ಸಿಗೆ ಕಾದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ರೈಟರ ಮುಖ ಕಪ್ಪಿಟ್ಟಿತು. ಕಾರನ್ನು ಎದೆಗವಚಿಕೊಂಡು ಹೋದರು. ಮತ್ತೆ ನನ್ನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ನಾನೂ ಷೋಕೇಸಿನ ಮೇಲಿನ ಕಾರನ್ನು ತಿರುಗಿಸಿ ನೋಡಲಿಲ್ಲ. ವರ್ಷಕ್ಕೊಂದು ಸಲ ಒರೆಸಿ, ಕುಂಕುಮ ಇಟ್ಟು, ಹಾಗೇ ಮೇಲಿಟ್ಟೆ. ಅಗತ್ಯವಿರಲಿಲ್ಲ ಎನ್ನುವುದು ಸುಳ್ಳು. ಒಳಗೊಳಗೇ ನನಗೆ ಹೆದರಿಕೆ ಇತ್ತು.

"ಏ, ಇಲ್ಲಿ ಬಾರೇ," ಎಂದೆ. ನನ್ನ ದನಿ ಕೇಳಿ ಅವಳು ಹೂವು ಬಿಟ್ಟು ಎದ್ದು ಬಂದಳು. ತಾಮ್ರದ ಹೆಡೆ ತೋರಿಸಿದೆ. ಅವಳಿಗೆ ಹೇಳುವ ಅಗತ್ಯ ಬೀಳಲಿಲ್ಲ. ಆವತ್ತಿನ ಗಲಾಟೆ ಮುಳಬಾಗಿಲಿಗೆಲ್ಲ ಗೊತ್ತಿತ್ತು.

"ಆ ವರ್ಷ ಪೂಜೆ ಸಾಲಲ್ಲಿ ಬೂದುಗುಂಬಳ ಇಡಕ್ಕೆ ಜಾಗ ಸಾಲ್ದು ಅಂತ ಒಂದು ಕಾರನ್ನ ಈ ಕಡೆಯಿಂದ ಆ ಕಡೆ ಇಟ್ಟಿದ್ದೆ," ಎಂದಳು ನಿಧಾನವಾಗಿ.

"ನೀನು ಇಟ್ಟಿದ್ದಾ? ಅವತ್ತೇ ಬಾಯಿ ಬಿಡಕ್ಕೆ ಏನಾಗಿತ್ತು ನಿಂಗೆ?"

"ಬಿಟ್ಟೆ. ಅವರು ಹೋದ ದಿನಾನೇ ಹೇಳ್ದೆ, ಒಂದು ಸಲ ಇಳಿಸಿ ನೋಡೋಣ ರೀ ಅಂತ. ತಟ್ಟೆ ಎತ್ತಿ ಎಸೆದ್ರಿ ನೀವು. ಮರೆತುಹೋಯ್ತಾ?"

ಮರೆತಿರಲಿಲ್ಲ. ಹಿತ್ತಾಳೆಯ ಊಟದ ತಟ್ಟೆ, ಅದರ ಅಂಚು ಇವತ್ತಿಗೂ ನೆಗ್ಗಿದೆ.

ಅಷ್ಟರಲ್ಲಿ ಮಾಲೂರಿನವರು ಬಂದುಬಿಟ್ಟರು. ಹನ್ನೊಂದಾಗಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಐವತ್ತರ ಆಸುಪಾಸಿನ ಮನುಷ್ಯ, ಚಪ್ಪಲಿ ಬಿಡುವಾಗಲೇ ಕಣ್ಣು ಪೇಪರಿನ ಮೇಲಿನ ಕಾರಿಗೆ ಅಂಟಿತ್ತು. ನೆಲದ ಮೇಲೆ ಕೂತು, ಜೇಬಿನಿಂದ ಸಣ್ಣ ಟಾರ್ಚು ತೆಗೆದರು. ತಟ್ಟೆಯ ಅಚ್ಚು, ಗೇರಿನ ಪೆಟ್ಟಿಗೆ, ಚಕ್ರದ ಒಳಮೈ ಒಂದೊಂದನ್ನೇ ನೋಡಿ ಫೋನಿನಲ್ಲಿದ್ದ ಚಿತ್ರಗಳ ಜತೆ ಹೋಲಿಸಿದರು. ಜಪಾನಿನದು, ತಾವು ಹುಡುಕುತ್ತಿದ್ದದ್ದೇ, ಗೇರು ಕೂಡ ಮೊದಲಿನದೇ ಎಂದರು. ಆಮೇಲೆ ಟಾರ್ಚಿನ ಬೆಳಕು ತಾಮ್ರದ ಮೇಲೆ ನಿಂತಿತು.

"ಸರ್, ಇದು ನಿಮ್ಮ ಕೈಕೆಲಸಾನಾ?"

ನಾನು ನೀರು ಕುಡಿದೆ.

"ಎಷ್ಟು ಚೆನ್ನಾಗಿ ಕೂರಿಸಿದೀರ. ಬರೀ ಮಾಡೆಲ್ ಆದ್ರೆ ಎಲ್ಲಾದ್ರೂ ಸಿಗುತ್ತೆ ಸರ್. ಇಂಥಾ ಕೆಲಸ ಸಿಗಲ್ಲ. ಈ ನಾಲ್ಕು ತೂತು ಯಾತಕ್ಕೆ ಅಂತ ಹೇಳಿ, ಹಾಳೆ ಮೇಲೆ ಬರ್ಕೊಡಿ. ನಾನು ಈಗ್ಲೇ ತಗೊಂಡ್ ಹೋಗ್ತೀನಿ."

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು ಎಂದರೆ, ಬಾಯಿ ಆಗಲೇ ಅರ್ಧ ತೆರೆದಿತ್ತು. ತೂತು ಯಾತಕ್ಕೆಂದು ಏನಾದರೊಂದು ಕಟ್ಟಿ ಹೇಳಬಹುದಿತ್ತು. ಹಾಳೆಯ ಮೇಲೆ ನನ್ನ ಸೈನು ಬಿದ್ದರೆ ಕಾರು ಮಾಲೂರು ಸೇರುತ್ತಿತ್ತು. ನನ್ನ ಅಂಗಡಿಯಲ್ಲಿ ಒಂದು ಸ್ಕ್ರೂ ಕೂಡ ಅದಲುಬದಲಾಗಿಲ್ಲ ಎಂದು ಸಾಯುವವರೆಗೂ ಹೇಳಿಕೊಂಡು ತಿರುಗಬಹುದಿತ್ತು. ಮನೆಯಾಕೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಈ ಸಲ ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಅವಳ ಮೇಲೆ ಹಾರಿಬಿದ್ದು ಬಚಾವಾಗುತ್ತಿದ್ದೆ.

"ಇದು ನಂದಲ್ಲ ಸ್ವಾಮಿ," ಎಂದೆ.

ಹೇಳಿದ್ದೆಲ್ಲವನ್ನೂ ಅವರು ಟಾರ್ಚು ಆರಿಸದೆ ಕೇಳಿಸಿಕೊಂಡರು. ಕೊನೆಗೆ ಕವಚವನ್ನು ಮೆಲ್ಲಗೆ ಮುಚ್ಚಿ ನನ್ನ ಕಡೆ ತಳ್ಳಿದರು. "ಅವರು ಇದ್ದಾರಾ?" ಎಂದು ಕೇಳಿದರು. ಅದೇ ಪ್ರಶ್ನೆ ಬೆಳಗ್ಗಿನಿಂದ ನನ್ನ ಎದೆಯಲ್ಲೂ ಕೂತಿತ್ತು. ಇಲ್ಲವೆಂದಾಗಿದ್ದರೆ ನಾನು ಏನು ಮಾಡುತ್ತಿದ್ದೆನೋ ಇವತ್ತಿಗೂ ತಿಳಿಯದು.

ಸೋಮವಾರ ಮೊದಲನೇ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೊರಟೆ. ಕಾರನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಬೂದುಗುಂಬಳದಿಂದ ಶುರುಮಾಡಿದರೆ ತಪ್ಪು ಹೆಂಡತಿಯ ಮೇಲೆ ಹೊರಿಸಿದಂತೆ. ಫ್ರೀಕ್ವೆನ್ಸಿಯಿಂದ ಶುರುಮಾಡಿದರೆ ಆಗ ನನ್ನದೇ ಸರಿ ಎಂದು ವಾದಿಸಿದಂತೆ. ಯಾವ ಕಡೆಯಿಂದ ಹೊರಟರೂ ಮಾತು ನನ್ನ ಗಂಟಲಿಗೇ ಬಂದು ನಿಲ್ಲುತ್ತಿತ್ತು.

ಮಂಡಿಯಲ್ಲಿ ಹಮಾಲಿಯೊಬ್ಬನನ್ನು ಕೇಳಿದೆ. "ರೈಟರ್ ಸ್ವಾಮಿನಾ? ಉನ್ನಾರು, ಉನ್ನಾರು," ಎಂದು ತೆಲುಗಿನಲ್ಲೇ ಹೇಳಿ, ಕೆಲಸ ಬಿಟ್ಟು ಈಗ ಈ ಊರಿನಲ್ಲೇ ಮನೆಯಲ್ಲಿದ್ದಾರೆಂದು ದಾರಿ ತೋರಿಸಿದ. ಇದ್ದಾರೆ ಎಂಬ ಮಾತು ಕೇಳಿ ಅರ್ಧ ಭಾರ ಇಳಿಯಿತು. ಆದರೆ ಅವರ ಮನೆಯ ಗೇಟು ಕಂಡ ಕೂಡಲೇ ಎದುರಿನ ಅಂಗಡಿಯಲ್ಲಿ ಬೇಡದ ಬೀಡಾ ಒಂದು ಹಾಕಿಸಿಕೊಂಡು ನಿಂತೆ.

ಬಾಗಿಲು ತೆಗೆದವರು ಅವರ ಹೆಂಡತಿ. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಅಕ್ಕಿ ಆರಿಸುವ ಮೊರ. ಯಾರು ಬೇಕೆಂದು ಕೇಳಿದರು. "ಮುಳಬಾಗಿಲಿನ ರೇಡಿಯೋ ಅಂಗಡಿಯವನಮ್ಮಾ," ಎಂದೆ. ಆಕೆ ಮೊರವನ್ನು ಹಾಗೇ ಹಿಡಿದುಕೊಂಡು ನನ್ನನ್ನು ಒಂದು ಕ್ಷಣ ನೋಡಿದರು. "ಕೂತ್ಕೊಳಿ," ಎಂದು ಒಳಗೆ ಹೋದರು.

ರೈಟರು ಗೋಡೆ ಹಿಡಿದುಕೊಂಡು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮುಖ ಅದೇ. ನಾನು ಜೋಡಿಸಿದ ಮಾತೆಲ್ಲ ಎಲ್ಲಿ ಹೋಯಿತೋ. ಬ್ಯಾಗಿನಿಂದ ಟವೆಲ್ ತೆಗೆದು, ಬಿಚ್ಚಿ, ಕಾರನ್ನು ಕವಚ ಕಳಚಿ ಅವರ ಮುಂದೆ ಇಟ್ಟೆ.

ಅವರು ಬಗ್ಗಿ ತಾಮ್ರದ ಹೆಡೆಯ ಮೇಲೆ ಬೆರಳಿಟ್ಟರು.

"ತಪ್ಪಾಯ್ತು ರೈಟರೇ," ಎಂದೆ. "ನೀವು ಹೇಳಿದ್ದೇ ನಿಜ. ಅವತ್ತು ನಾನು ಇಳಿಸಿ ನೋಡ್ಬೇಕಿತ್ತು. ನೋಡ್ಲಿಲ್ಲ. ಬಾಯಿಗೆ ಬಂದಂಗೆ ಅಂದೆ. ಬೈಯೋದಿದ್ರೆ ಬೈದ್ಬಿಡಿ."

ಬೈಯಲೆಂದೇ ಬಯಸಿದ್ದೆ. ಬೈದಿದ್ದರೆ ನನಗೂ ಒಂದು ದಾರಿ ಸಿಗುತ್ತಿತ್ತು. ಅವರು ಒಳಗೆ ತಿರುಗಿ, "ಬಂತು ಕಣೇ. ಅದನ್ನ ತಗೊಂಡ್ ಬಾ," ಎಂದರಷ್ಟೇ.

ಆಕೆ ಗೋಡ್ರೆಜ್ ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಹಳೇ ಪಂಚೆಯ ಗಂಟೊಂದನ್ನು ತಂದು ನನ್ನ ಮುಂದೆ ಇಟ್ಟರು. ಬಿಚ್ಚಿದೆ. ಕೆಂಪು ಕಾರು. ಹಿಂದಿನ ಚಕ್ರಕ್ಕೆ ನಾನು ಕಟ್ಟಿದ ಚೀಟಿ ಹಾಗೇ ಇತ್ತು, ಹಳದಿಗೆ ತಿರುಗಿದ ಕಾಗದದ ಮೇಲೆ ನನ್ನ ಕೈಬರಹದಲ್ಲಿ ಅವರ ಹೆಸರು. ತಿರುಗಿಸಿದೆ. ಆರು ಸ್ಕ್ರೂ, ಆರು ಕೆಂಪು ಚುಕ್ಕೆ. ನನ್ನ ಹೆಂಡತಿಯ ಶೀಶೆಯ ಬಣ್ಣ, ನಿನ್ನೆ ಬಿಟ್ಟ ಹಾಗಿತ್ತು. ಒಂದು ಗೀರಿಲ್ಲ. ಚಕ್ರದ ರಬ್ಬರು ಕೂಡ ಸವೆದಿರಲಿಲ್ಲ.

"ಓಡಿಸ್ಲೇ ಇಲ್ವಾ?" ಎಂದೆ.

"ನಮ್ದಲ್ವಲ್ಲ," ಎಂದರು ರೈಟರು. "ಇನ್ನೊಬ್ಬರ ವಸ್ತು. ಯಾವತ್ತಾದ್ರೂ ಕೇಳ್ಕೊಂಡ್ ಬರ್ತಾರೆ ಅಂತ ಇಟ್ಟಿದ್ದೆ. ಬಂದಾಗ ಕೆಟ್ಟೋಗಿದ್ರೆ ಏನ್ ಉತ್ತರ ಕೊಡೋದು?"

ಮನೆ ಮುಂದೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು. ಅದು ಹೊರಟು ಹೋಗುವವರೆಗೂ ನಾನು ತಲೆ ಎತ್ತಲಿಲ್ಲ. ಒಂದು ಸ್ಕ್ರೂ ಅದಲುಬದಲಾಗಿಲ್ಲ ಎಂದು ಊರೆಲ್ಲ ಸಾರಿಕೊಂಡು ತಿರುಗಿದವನು ನಾನು. ಬಾಯಿಬಿಟ್ಟು ಒಂದು ಮಾತಾಡದೆ ಹಾಗೆ ನಡೆದುಕೊಂಡವರು ಅವರು. ನಾಚಿಕೆಯಾಯಿತು. ಅದಕ್ಕೆ ಬೇರೆ ಮಾತು ಹುಡುಕಲಾರೆ.

ಮಾಲೂರಿನವರಿಗೆ ಆಮೇಲೆ ನಾನು ಕೊಟ್ಟದ್ದು ಈ ಕಾರನ್ನೇ. ಹಿತ್ತಾಳೆಯ ಗೇರು, ಆರು ಚುಕ್ಕೆ, ಯಾರದು, ಎಲ್ಲಿತ್ತು, ಯಾರು ಕಾಪಾಡಿದರು, ಎಲ್ಲವನ್ನೂ ಹಾಳೆಯ ಮೇಲೆ ಬರೆದು ಸೈನ್ ಹಾಕಿದೆ. ಅವರಿಗೆ ತಾಮ್ರದ್ದು ಸಿಗಲಿಲ್ಲವೆಂಬ ಬೇಜಾರು ಇದ್ದೇ ಇದೆ. ಆದರೆ ಅವತ್ತು ಶ್ರೀನಿವಾಸಪುರದಲ್ಲಿ ನನಗೆ ಅವರ ನೆನಪೂ ಇರಲಿಲ್ಲ. ಎದ್ದು ಹೊರಡುವ ಮುಂಚೆ ಆ ನಾಲ್ಕು ತೂತು ಯಾತಕ್ಕೆಂದು ಕೇಳಿಬಿಟ್ಟೆ. ಕೇಳದೆ ಬಂದಿದ್ದರೆ ನನಗೆ ಒಳ್ಳೇದಿತ್ತು.

ರೈಟರು ನೆಲ ನೋಡಿದರು. ಅವರ ಹೆಂಡತಿಯೇ ಒಳಗೆ ಹೋಗಿ ಒಂದು ತಗಡಿನ ತಟ್ಟೆ ತಂದರು. ನಾಲ್ಕು ಮೂಲೆಗೆ ನಾಲ್ಕು ಮೊಳೆ, ನಡುವೆ ಲೋಟ ಕೂರುವಷ್ಟು ಅಗಲದ ಒಂದು ಬಳೆ ಬೆಸೆದಿತ್ತು. ಅದರ ಮೇಲೆ ಈಗ ಸಾಂಬ್ರಾಣಿಯ ಬೂದಿ ಮೆತ್ತಿತ್ತು. ತಟ್ಟೆಯನ್ನು ತಾಮ್ರದ ಕಾರಿನ ಮೇಲೆ ಇಟ್ಟರು. ನಾಲ್ಕು ಮೊಳೆಯೂ ನಾಲ್ಕು ತೂತಿಗೆ ಸರಿಯಾಗಿ ಇಳಿದವು.

"ಅತ್ತೆಯವರದು ಮಡಿ ಬಹಳ," ಎಂದರು ಆಕೆ. "ತಿಂಗಳಿಗೆ ಮೂರು ದಿನ ನಾನು ಹಿತ್ತಲ ಕೋಣೇಲಿ. ಇವರು ಆ ಕಡೆ ಬರೋ ಹಂಗಿಲ್ಲ. ಅತ್ತೆಯವರು ಪೂಜೆ ಎಲ್ಲ ಮುಗಿಸಿದ ಮೇಲೆ ಕಾಫಿ ತಂದು ದೂರದಲ್ಲಿ ಇಟ್ಟು ಹೋಗೋರು. ಅಷ್ಟೊತ್ತಿಗೆ ಹತ್ತು ಗಂಟೆ. ಅದಕ್ಕೆ ಇವರು ಈ ಕಾರ್ ಮಾಡಿದ್ರು. ಬೆಳಗ್ಗೆ ಆರಕ್ಕೆ ಅಡುಗೆಮನೆ ಹೊಸಿಲಿಂದ ಹೊರಟು ಪಡಸಾಲೆ ದಾಟಿ ಬರ್ತಿತ್ತು, ಮುಚ್ಚಳದ ಲೋಟದಲ್ಲಿ ಕಾಫಿ ಇಟ್ಕೊಂಡು."

"ನಿಮ್ಮ ಅತ್ತೆಯವರು ಒಪ್ಪಿದ್ರಾ?"

"ಮೊದಲು ಒಪ್ಪಲಿಲ್ಲ. ಕಾರು ಮೈಲಿಗೆ ಆಗಿ ಒಳಗೆ ಬರುತ್ತೆ ಅಂದ್ರು. ಆಮೇಲೆ ಅವರೇ ಯೋಚನೆ ಮಾಡಿ, ಪೂಜೆಯ ತಾಮ್ರ ಅದರಲ್ಲಿ ಇದ್ರೆ ಮೈಲಿಗೆ ಇಲ್ಲ ಅಂತ, ಮುರಿದಿದ್ದ ಉದ್ಧರಣೆ ಕೊಟ್ರು. ಅದನ್ನ ಕೂರಿಸಿದ ಮೇಲೆ ಏನೂ ಅನ್ನಲಿಲ್ಲ. ಎಂಟು ತಿಂಗಳು ಬಂತು."

ಎಂಟು ತಿಂಗಳಾದ ಮೇಲೆ ರಿಮೋಟ್ ಕೆಟ್ಟಿತು. ರೈಟರು ಅದನ್ನು ನನ್ನ ಅಂಗಡಿಗೆ ತಂದರು. ಮನೆಗೆ ಹೋದದ್ದು ತಾಮ್ರವಿಲ್ಲದ ಕಾರು. ಇನ್ನೊಬ್ಬರದಾದ್ದರಿಂದ ಅದಕ್ಕೆ ತೂತು ಕೊರೆಯುವಂತಿರಲಿಲ್ಲ, ತಾಮ್ರ ಹಾಕುವಂತಿರಲಿಲ್ಲ. ಯಾತಕ್ಕೆ ಬೇಕೆಂದು ಬಸ್‌ಸ್ಟ್ಯಾಂಡಿನ ಜನರ ಎದುರು ಹೇಳಿಕೊಳ್ಳುವ ವಿಷಯವೂ ಅದಾಗಿರಲಿಲ್ಲ. ಇದೆಲ್ಲ ಆಕೆ ಹೇಳಲಿಲ್ಲ, ಕೂತ ಕಡೆಯೇ ನನಗೆ ಅರ್ಥವಾಯಿತು.

"ಆಮೇಲೆ?" ಎಂದೆ.

"ಆಮೇಲೆ ಏನು? ಹತ್ತು ಗಂಟೆಗೇ ಕಾಫಿ. ಅತ್ತೆಯವರು ಹೋಗೋವರೆಗೂ."

"ಎಷ್ಟು ವರ್ಷ ಅಮ್ಮಾ?"

"ಹನ್ನೊಂದು."

ರೈಟರು, "ಬಿಡೇ, ಹಳೇದೆಲ್ಲ ಯಾಕೆ ಈಗ," ಎಂದರು. ಆಕೆ ಒಳಗೆ ಹೋದರು. ನಾನು ಹೇಳದೆ ಕೇಳದೆ ಎದ್ದು ಹೋಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಒಳಗೆ ಡಿಕಾಕ್ಷನ್ನಿನ ವಾಸನೆ ಎದ್ದಿತು. ಆಕೆ ಸ್ಟೀಲ್ ಲೋಟ ತಂದು ನನ್ನ ಕೈಗೇ ಕೊಟ್ಟರು. ಹೊಗೆಯಾಡುತ್ತಿತ್ತು, ಹಿಡಿಯಲಾಗದಷ್ಟು ಸುಡುತ್ತಿತ್ತು. ನಾನು ಹಿಡಿದುಕೊಂಡೇ ಕೂತಿದ್ದೆ.

"ಆರಿಸ್ಬೇಡಿ," ಎಂದರು ಆಕೆ. "ಆರಿದ ಮೇಲೆ ಕಾಫಿ ಚೆನ್ನಾಗಿರಲ್ಲ. ಬಿಸಿ ಇರೋವಾಗ್ಲೇ ಕುಡೀರಿ."

ಕುಡಿದೆ. ಆಕೆ ಲೋಟ ಖಾಲಿಯಾಗುವವರೆಗೂ ಎದುರಿಗೇ ನಿಂತಿದ್ದರು.